ಕೆಂಪು ಚೌಕದ ಕುರಿಗಳು

ಕಚೇರಿಯಲ್ಲಿ ಅವಳನ್ನು ಎಲ್ಲರೂ ನುಸಿಯಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೂ ಅದರಲ್ಲಿ ಬೇಜಾರೇನೂ ಇರಲಿಲ್ಲ. ಜಾನುವಾರು ರೋಗಗಳ ಮುನ್ಸೂಚನೆ ಕೊಡುವ ಆ ಕಚೇರಿಯ ಹಿಂದಿನ ಕೋಣೆಯಲ್ಲಿ, ಒಂದು ಕಾಲಿನಡಿ ರಟ್ಟು ಮಡಿಚಿಟ್ಟ ಮೇಜಿನ ಮುಂದೆ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ನುಸಿಗಳನ್ನು ವಿಂಗಡಿಸುವುದು ಅವಳ ಬೆಳಗಿನ ಕೆಲಸ. ಮಧ್ಯಾಹ್ನದ ಮೇಲೆ ಅದೇ ಕೋಣೆಯ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು. ಎಲ್ಲಿ ಎಷ್ಟು ಮಳೆ, ಎಷ್ಟು ಸೆಕೆ, ಮಣ್ಣಿನಲ್ಲಿ ಎಷ್ಟು ತೇವ, ಎಲ್ಲಿ ಎಷ್ಟು ಕುರಿ, ಎಲ್ಲಿ ಎಷ್ಟು ನುಸಿ ಎಂಬುದನ್ನೆಲ್ಲ ಒಟ್ಟು ಹಾಕಿ, ಮುಂದಿನ ತಿಂಗಳು ರೋಗ ಎಲ್ಲಿ ಕಾಣಿಸಿಕೊಳ್ಳಬಹುದು ಎಂದು ಬಣ್ಣದಲ್ಲಿ ತೋರಿಸಬೇಕು. ಅಪಾಯ ಹೆಚ್ಚಿದ್ದರೆ ಕೆಂಪು, ನಡುವೆ ಹಳದಿ, ಇಲ್ಲದಿದ್ದರೆ ಹಸಿರು.

ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗ ಒಂದು ಕುರಿ ಇನ್ನೊಂದನ್ನು ಮುಟ್ಟಿದ್ದಕ್ಕೆ ಬರುವುದಿಲ್ಲ. ನಡುವೆ ನುಸಿ ಬೇಕು. ಎಳ್ಳಿಗಿಂತ ಚಿಕ್ಕ ಹುಳ. ಕಾಯಿಲೆ ಬಿದ್ದ ಕುರಿಯ ರಕ್ತ ಹೀರಿ, ಕೆಲವು ದಿನ ಹೊಟ್ಟೆಯಲ್ಲಿಟ್ಟುಕೊಂಡು, ಇನ್ನೊಂದು ಕುರಿಗೆ ಕಚ್ಚಿ ಅಂಟಿಸುತ್ತದೆ. ಸಗಣಿ ಬೆರೆತ ಕೆಸರು ಅದಕ್ಕೆ ತೊಟ್ಟಿಲು. ಗಾಳಿ ಕಂಡರೆ ಆಗದು, ಮೈಯೇ ನಿಲ್ಲುವುದಿಲ್ಲ. ರೆಕ್ಕೆಯ ಮೇಲಿನ ಚುಕ್ಕೆ ನೋಡಿ ಯಾವ ಜಾತಿಯದು ಎಂದು ಹೇಳುವುದನ್ನು ನುಸಿಯಮ್ಮ ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಸಂತೆಯಲ್ಲಿ ಬಟ್ಟೆಯ ಮೇಲಿನ ಚುಕ್ಕೆ ಕಂಡರೂ ಒಮ್ಮೆ ನಿಂತು ನೋಡುತ್ತಿದ್ದಳು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. “ನುಸಿ ಮುಖ ನೋಡೋ ಪ್ರೀತೀಲಿ ಒಂದಿನ ನನ್ನ ಮುಖ ನೋಡಿದ್ರೆ ನನ್ನ ಜನ್ಮ ಸಾರ್ಥಕ ಆಗೋದು” ಎಂದು ಹಲ್ಲಿನಲ್ಲಿ ದಾರ ಕಡಿಯುತ್ತ ಹೇಳುವನು.

“ನೀನೂ ಎರಡು ರೆಕ್ಕೆ ಹೊಲ್ಕೊ, ನೋಡ್ತೀನಿ” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಡುವಳು.

ಅವಳ ತವರು ಕೆರೆಯ ಕೆಳಗಿನ ತಗ್ಗಿನಲ್ಲಿತ್ತು. ಅಪ್ಪ ಕುರಿ ಕಾಯುತ್ತಿದ್ದ. ಈಗ ತಮ್ಮ ಕಾಯುತ್ತಾನೆ. ಅಕ್ಕ ಓದಿದಳು, ತಮ್ಮ ಓದಲಿಲ್ಲ ಎಂಬುದು ಇಬ್ಬರ ನಡುವೆ ಎಂದೂ ಜಗಳವಾಗಿರಲಿಲ್ಲ. ತಮ್ಮನಿಗೆ ಕುರಿ ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ಅವಳು ಹೋದಾಗಲೆಲ್ಲ ಅವನು ಅವಳ ಕೈ ಹಿಡಿದು ಮೂಸಿ, “ಥೂ, ಸ್ಪಿರಿಟ್ ವಾಸನೆ. ಮನೆಗೆ ಬಂದ್ಯೋ ಆಸ್ಪತ್ರೆಗೆ ಬಂದ್ಯೋ?” ಎನ್ನುವನು. ಅವಳು ಅವನ ಕೈ ಮೂಸಿ ಮುಖ ಸಿಂಡರಿಸುವಳು. ಅಷ್ಟರಲ್ಲಿ ತಮ್ಮನ ಹೆಂಡತಿ ಟೀ ತರುವಳು.

ನುಸಿ ಹಿಡಿಯುವ ದೀಪದ ಬಲೆಗಳನ್ನು ನುಸಿಯಮ್ಮ ಹಲವು ಊರುಗಳಲ್ಲಿ ತೂಗುಹಾಕಿದ್ದಳು: ಒಂದು ಸಣ್ಣ ಬಲ್ಬು, ಕೆಳಗೆ ಗಾಳಿ ಎಳೆಯುವ ಫ್ಯಾನು, ಅದರಡಿ ಸ್ಪಿರಿಟ್ ತುಂಬಿದ ಬಾಟಲಿ. ತವರಿನಲ್ಲೂ ಎರಡಿದ್ದವು. ತಮ್ಮನ ಕುರಿದೊಡ್ಡಿಯಲ್ಲಿ ಒಂದು. ಊರ ಪಕ್ಕದ ಬೋಳು ಗುಡ್ಡದ ಮೇಲೆ, ಅಜ್ಜನ ಕಾಲದ ಪಾಳು ಕಲ್ಲುದೊಡ್ಡಿಯಲ್ಲಿ ಇನ್ನೊಂದು. ಕೆಳಗಿನ ಬಾಟಲಿ ಕಾಫಿಪುಡಿ ಕಲಸಿದ ಹಾಗೆ ನುಸಿಗಳಿಂದ ಕಪ್ಪಾಗಿರುತ್ತಿತ್ತು. ಗುಡ್ಡದ ಮೇಲೆ ಹಗಲೂ ಇರುಳೂ ಗಾಳಿ. ಅಲ್ಲಿನ ಬಾಟಲಿಯಲ್ಲಿ ಒಂದು ಚಿಟ್ಟೆಯೋ ಎರಡು ಜೀರುಂಡೆಯೋ ಸಿಕ್ಕರೆ ಅದೇ ಹೆಚ್ಚು.

ಆ ವರ್ಷ ಮಳೆ ಹೋಗುವ ಕಾಲಕ್ಕೆ ಹೋಗಲಿಲ್ಲ. ಬಿಸಿಲು ಬಂದ ಮೇಲೂ ನೆಲ ಆರಲಿಲ್ಲ. ಕೆರೆಯ ಅಂಚು ಊರ ಕಡೆ ಸರಿದು, ಕುರಿಗಳು ತುಳಿದು ತುಳಿದು, ಅಲ್ಲೆಲ್ಲ ಬೆಚ್ಚಗಿನ ರಾಡಿ. ನಕ್ಷೆ ತಯಾರಾದಾಗ ಕೆರೆಯ ಕೆಳಗಿನ ಚೌಕ ಕೆಂಪಗೆ ಮೂಡಿತು. ನಕ್ಷೆ ಊರುಗಳ ಲೆಕ್ಕದಲ್ಲಿರಲಿಲ್ಲ, ಚೌಕಗಳ ಲೆಕ್ಕದಲ್ಲಿತ್ತು. ಒಂದೊಂದು ಚೌಕದಲ್ಲಿ ನಾಲ್ಕಾರು ಊರು. ಅವಳ ತವರು ಕೆಂಪು ಚೌಕದ ಅಂಚಿನಲ್ಲಿತ್ತು. ಗುಡ್ಡ ಆಗಲೇ ಪಕ್ಕದ ಚೌಕ, ಅದು ಹಸಿರು. ಗುಡ್ಡದ ಆಚೆ ಇಳಿದರೆ ಸಿಗುವ ಹಳ್ಳಿಯೂ ಆ ಹಸಿರಿನೊಳಗೇ ಇತ್ತು.

ಅವಳು ಮತ್ತೆ ಲೆಕ್ಕ ಹಾಕಿದಳು. ತವರೆಂಬ ಕಾರಣಕ್ಕೆ ಕಣ್ಣು ಮೋಸ ಮಾಡಿರಬಹುದು ಎಂದುಕೊಂಡು ಮೊದಲಿನಿಂದ ಎಲ್ಲವನ್ನೂ ತುಂಬಿದಳು. ಮತ್ತೆ ಅದೇ ಕೆಂಪು. ಸಾಹೇಬರ ಮುಂದೆ ಒಯ್ದಿಟ್ಟಳು.

ಸಾಹೇಬರು ಸೋಮಾರಿಯೂ ಅಲ್ಲ, ಕೆಟ್ಟವರೂ ಅಲ್ಲ. ಪಶುವೈದ್ಯರಾಗಿ ಊರೂರು ಸುತ್ತಿ ಬಂದವರು. ನಕ್ಷೆಯನ್ನು ಬಹಳ ಹೊತ್ತು ನೋಡಿ, ಅಂದೇ ಆದೇಶ ಹೊರಡಿಸಿದರು. ಕೆಂಪು ಚೌಕದಿಂದ ಒಂದು ಕುರಿಯೂ ಹೊರಗೆ ಹೋಗಕೂಡದು, ಸಂತೆ ಬಂದ್, ರಸ್ತೆಗೆ ಅಡ್ಡಗಂಬ. ಲಸಿಕೆಗೂ ಬರೆದರು. ಲಸಿಕೆ ತಯಾರಾಗುತ್ತಿದೆ, ಸರದಿಯಲ್ಲಿ ಕಳಿಸುತ್ತೇವೆ ಎಂಬ ಉತ್ತರ ಬಂತು. ಸರದಿ ಎಂದರೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ತಮ್ಮನ ಫೋನು ಬಂತು.

“ಅಕ್ಕ, ಒಂದು ಕುರಿ ಜೊಲ್ಲು ಸುರಿಸ್ತಿದೆ.”

“ಮುಳ್ಳು ಗಿಳ್ಳು ಚುಚ್ಚಿದ್ಯಾ, ಬಾಯಿ ತೆಗೆದು ನೋಡು.”

“ನೋಡ್ದೆ ಕಣಕ್ಕ. ಮುಳ್ಳಲ್ಲ. ತುಟಿ ಊದಿದೆ. ನಿನ್ನೆ ಒಂದೇ ಇತ್ತು. ಇವತ್ತು ಇನ್ನೂ ಎರಡು ತಲೆ ತಗ್ಗಿಸ್ಕೊಂಡು ನಿಂತಿವೆ.”

ಅವಳು ಫೋನಿಟ್ಟು, ಕೋಣೆಯಲ್ಲಿದ್ದ ಔಷಧಿ, ಥರ್ಮಾಮೀಟರು, ರಕ್ತ ತೆಗೆಯುವ ಕೊಳವೆ ಎಲ್ಲ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದಳು.

ದೊಡ್ಡಿಯಲ್ಲಿ ಕಂಡದ್ದನ್ನು ಅವಳು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದಳು, ಚಿತ್ರಗಳಲ್ಲಿ ನೋಡಿದ್ದಳು. ಆದರೆ ಚಿತ್ರಕ್ಕೆ ವಾಸನೆಯಿಲ್ಲ, ಚಿತ್ರ ನರಳುವುದಿಲ್ಲ. ಕುರಿಗಳ ಮುಖ ಊದಿಕೊಂಡು ಬೇರೆ ಯಾವುದೋ ಪ್ರಾಣಿಯ ಮುಖದಂತಾಗಿತ್ತು. ಮೂಗಿನ ಹೊಳ್ಳೆಗಳಲ್ಲಿ ಸಿಂಬಳ ಒಣಗಿ ಹಕ್ಕಳೆಗಟ್ಟಿತ್ತು. ಗೊರಸಿನ ಮೇಲುಗಡೆ ಕೆಂಪು ಗೆರೆ. ಕಾಲೂರಲಾರದೆ ಒಂದು ಕುರಿ ಮೊಣಕಾಲ ಮೇಲೆ ತೆವಳಿಕೊಂಡು ನೀರಿನ ಕಡೆ ಹೋಗುತ್ತಿತ್ತು. ತಮ್ಮನ ಹೆಂಡತಿ ಇನ್ನೊಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಟ್ಟು ಕದಡಿದ ನೀರನ್ನು ಬೆರಳಿನಿಂದ ಬಾಯಿಗೆ ಸವರುತ್ತಿದ್ದಳು. ಅದು ಅವಳು ಬಾಟಲಿ ಹಾಲು ಕುಡಿಸಿ ಬೆಳೆಸಿದ ಕುರಿ. ಅವಳ ಧ್ವನಿ ಕೇಳಿದರೆ ಎಲ್ಲಿದ್ದರೂ ಓಡಿ ಬರುತ್ತಿದ್ದುದು.

“ಅತ್ತಿಗೆ, ನುಂಗ್ತಾನೇ ಇಲ್ಲ ನೋಡಿ. ನಾಲಿಗೆ ದಪ್ಪ ಆಗ್ಬಿಟ್ಟಿದೆ.”

ನುಸಿಯಮ್ಮ ಬಾಯಿ ಬಿಡಿಸಿ ನೋಡಿದಳು. ನಾಲಿಗೆ ನೀಲಿಯಾಗಿತ್ತು.

“ಸೂಜಿ ತಂದಿದೀಯಲ್ಲ, ಚುಚ್ಚು” ಎಂದ ತಮ್ಮ.

“ಇದು ಜ್ವರ ಇಳಿಸೋಕೆ ಅಷ್ಟೇ ಕಣೋ. ರೋಗಕ್ಕೆ ಔಷಧಿ ಇಲ್ಲ.”

“ಲಸಿಕೆ?”

“ಬಂದಿಲ್ಲ.”

ತಮ್ಮ ಬೇಲಿಗೆ ಒರಗಿ ನಿಂತ. ಅವನ ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. “ರಸ್ತೇಲಿ ಕಂಬ ಅಡ್ಡ ಹಾಕಿದಾರೆ. ನಾನು ಆಗ್ಲೇ ಕುರಿ ಹೊಡ್ಕೊಂಡು ಗುಡ್ಡಕ್ಕೆ ಹೊರಟಿದ್ದೆ, ಗೇಟಿನವನು ಬಿಡ್ಲಿಲ್ಲ. ನಕ್ಷೇಲಿ ನಮ್ದು ಕೆಂಪಂತೆ, ಗುಡ್ಡ ಹಸಿರಂತೆ.” ಅವನು ಅಕ್ಕನ ಮುಖ ನೋಡಿದ. “ಅದನ್ನ ಬಳಿದೋಳು ನೀನೇನಾ?”

“ಹೂಂ.”

“ನಾವು ಇಲ್ಲಿದೀವಿ ಅಂತ ಗೊತ್ತಿದ್ದೂ?”

“ಗೊತ್ತಿದ್ದಕ್ಕೇ ಎರಡು ಸಲ ಲೆಕ್ಕ ಹಾಕ್ದೆ.”

ಅವನು ಬಾಯಿಗೆ ಬಂದ ಹಾಗೆ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹಸಿ ಸೊಪ್ಪು ತಂದು ಬೆಂಕಿಗೆ ಹಾಕಿ ಹೊಗೆ ಎಬ್ಬಿಸಿದ. ಹೊತ್ತು ಇಳಿಯುತ್ತಿದ್ದಂತೆ ಕೆರೆಯ ಕಡೆಯಿಂದ ನುಸಿಗಳು ಮೇಲೆದ್ದವು. ನೋಡಿದರೆ ಏನೂ ಕಾಣದು. ಕುರಿಗಳು ಕಿವಿ ಒದರುವುದು, ಕಾಲು ಅಪ್ಪಳಿಸುವುದು, ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸುವುದು ಮಾತ್ರ ಕಾಣುತ್ತಿತ್ತು. ಅವಳ ಕತ್ತೆಲ್ಲ ಉರಿಯತೊಡಗಿತು. ತಲೆಯೆತ್ತಿದರೆ ಎದುರಿಗೇ ಗುಡ್ಡ. ಅಲ್ಲಿನ ಹುಲ್ಲು ಗಾಳಿಗೆ ಒಂದೇ ಕಡೆ ಬಾಗಿತ್ತು.

ಮಾರನೆಯ ದಿನ ಅವಳು ಸಾಹೇಬರ ಮುಂದೆ ನಿಂತಿದ್ದಳು.

“ಸರ್, ರೋಗ ಬಂದಾಗಿದೆ. ಜ್ವರ ಇಲ್ಲದ ಕುರಿಗಳನ್ನಾದ್ರೂ ಗುಡ್ಡಕ್ಕೆ ಹತ್ತಿಸೋಕೆ ಬಿಡಿ. ಅಲ್ಲಿ ನುಸಿ ಇಲ್ಲ. ನನ್ನ ಬಲೆ ಅಲ್ಲಿದೆ, ನಾನೇ ನೋಡಿದೀನಿ.”

“ಗುಡ್ಡದ ಆಚೆ ಏನಿದೆ?”

“ಒಂದು ಹಳ್ಳಿ, ಸರ್.”

“ಅಲ್ಲಿ ಕುರಿ?”

“ಇವೆ.”

“ಕೂತ್ಕೊಳ್ಳಿ ಅಮ್ಮ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇವತ್ತು ಜ್ವರ ಇಲ್ಲ ಅಂದ್ರೆ ರಕ್ತದಲ್ಲಿ ರೋಗ ಇಲ್ಲ ಅಂತ ಅರ್ಥಾನಾ? ನೀವೇ ಹೇಳಿ.”

ಅರ್ಥ ಅದಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಜ್ವರ ಏರುವ ಮೊದಲೇ ಕೆಲವು ದಿನ ರೋಗ ಒಳಗೆ ಅಡಗಿ ಕೂತಿರುತ್ತದೆ.

“ಹಿಂದೆ ನಾನು ಒಂದು ಕಡೆ ಪಾಪ ಅಂತ ಬಿಟ್ಟೆ. ಒಂದೇ ಒಂದು ಮಂದೆ. ಆ ಮಂದೆ ಹೋದ ದಾರೀಲೆಲ್ಲ ಕುರಿ ಸತ್ತವು. ಆ ಜನರ ಮುಖ ಇನ್ನೂ ಕಣ್ಣ ಮುಂದೆ ಬರುತ್ತೆ. ಗೆರೆ ಎಲ್ಲೋ ಒಂದು ಕಡೆ ಎಳೀಲೇಬೇಕಲ್ಲಮ್ಮ? ಎಲ್ಲಿ ಎಳೆದ್ರೂ ಅದರ ಪಕ್ಕದಲ್ಲಿ ಯಾರದ್ದೋ ಮನೆ ಇರುತ್ತೆ.”

“ಚೌಕ ದೊಡ್ಡದಾಯ್ತು ಸರ್. ಚಿಕ್ಕ ಚೌಕದಲ್ಲಿ ಮಾಡಿದ್ರೆ ಗುಡ್ಡ ಬೇರೆ, ಆಚೆ ಹಳ್ಳಿ ಬೇರೆ ಅಂತ ತೋರಿಸಬಹುದು. ಅಷ್ಟು ಬಲೆ ಕೊಡಿ ಅಂತ ನಾನು ಕೇಳ್ತಾನೇ ಇದೀನಿ.”

“ನಾನೂ ಮೇಲಿನವರನ್ನ ಕೇಳ್ತಾನೇ ಇದೀನಿ.” ಅವರ ದನಿ ಸೋತಿತ್ತು. “ಲಸಿಕೆಗೆ ಬೆಳಗಿಂದ ಫೋನ್ ಮಾಡ್ತಿದೀನಿ. ಎತ್ತೋರೇ ಇಲ್ಲ. ಹೋಗಿ, ಅಲ್ಲಿ ನಿಮ್ಮ ಕೈಲಾದ ಆರೈಕೆ ಮಾಡಿ. ರಜೆ ಕೊಡ್ತೀನಿ. ಗುಡ್ಡದ ಮಾತು ಮಾತ್ರ ಬೇಡ.”

ಅವಳು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಸಾಹೇಬರ ಮಾತಿನಲ್ಲಿ ತಪ್ಪು ಹುಡುಕಲು ಬಹಳ ಹೊತ್ತು ನೋಡಿದಳು. ಸಿಗಲಿಲ್ಲ. ತನ್ನ ಮಾತಿನಲ್ಲೂ ಸಿಗಲಿಲ್ಲ. ಕೆಳಗಿದ್ದರೆ ಮಂದೆ ಪೂರ್ತಿ ಹೋಗುತ್ತದೆ ಎಂಬುದು ಖಚಿತ. ಮೇಲೆ ಹೋದರೆ ಕೆಲವಾದರೂ ಉಳಿಯಬಹುದು. ಆಚೆಯ ಹಳ್ಳಿಗೆ ರೋಗ ಇಳಿಯಲೂಬಹುದು. ಇಷ್ಟು ವರ್ಷ ಅವಳು ನಕ್ಷೆಯಲ್ಲಿ ತುಂಬಿದ್ದೆಲ್ಲ ಈ ‘ಬಹುದು’ಗಳನ್ನೇ. ಅವಕ್ಕೆ ಬಣ್ಣ ಕೊಡುವುದು ಅವಳಿಗೆ ಸುಲಭವಾಗಿತ್ತು. ಈಗ ಯಾವ ಬಣ್ಣವೂ ಹೊಳೆಯಲಿಲ್ಲ.

ಮನೆಗೆ ಹೋಗಿ ಬಟ್ಟೆ ತುಂಬಿಕೊಳ್ಳುವಾಗ ಗಂಡ ಯಂತ್ರ ನಿಲ್ಲಿಸಿದ.

“ಏನು ಮಾಡಬೇಕು ಅಂತಿದೀಯ?”

“ಗೊತ್ತಿಲ್ಲ.”

“ನಿನ್ನ ಮುಖ ನೋಡಿದ್ರೆ ಗೊತ್ತಾಗಿರೋ ಹಾಗಿದೆ” ಎಂದ ಅವನು. ತಡೆಯಲಿಲ್ಲ. ಮನೆಯಲ್ಲಿದ್ದ ಹಳೆಯ ಬೆಡ್‌ಶೀಟುಗಳನ್ನೆಲ್ಲ ಕಟ್ಟಿ ಕೊಟ್ಟ. ಕುರಿಗಳ ಮೇಲೆ ಹೊದಿಸಲು ಬೇಕಾಗಬಹುದು ಎಂದು.

ಮರುದಿನ ಬೆಳಗ್ಗೆ ಅವಳು ಊರು ತಲುಪಿದಾಗ ತಮ್ಮ ಗುಂಡಿ ತೋಡುತ್ತಿದ್ದ. ಪಕ್ಕದಲ್ಲಿ ಗೋಣಿ ಮುಚ್ಚಿದ ಕುರಿಗಳು. ಅವನು ತಲೆಯೆತ್ತಿ ನೋಡಿ ಮತ್ತೆ ಗುದ್ದಲಿ ಬೀಸಿದ. ಅವಳು ಚೀಲ ಇಳಿಸಿ ಥರ್ಮಾಮೀಟರು ತೆಗೆದಳು.

“ಏಳು, ಕುರಿ ಹಿಡಿ ಬಾ. ಜ್ವರ ಇಲ್ಲದವನ್ನ ಬೇರೆ ಮಾಡೋಣ.”

“ಮಾಡಿ?”

“ಗುಡ್ಡಕ್ಕೆ.”

ಅವನು ಗುದ್ದಲಿ ಕೈಬಿಟ್ಟ. “ಸಾಹೇಬರು ಒಪ್ಪಿದ್ರಾ?”

“ಇಲ್ಲ.”

ಬಿಸಿಲು ನೆತ್ತಿಗೇರುವವರೆಗೆ ಮೂವರೂ ಒಂದೊಂದೇ ಕುರಿಯನ್ನು ಹಿಡಿದು ನೋಡಿದರು. ತಮ್ಮ ಹಿಡಿಯುವುದು, ಅವಳು ಜ್ವರ ನೋಡುವುದು, ತಮ್ಮನ ಹೆಂಡತಿ ಈ ಕಡೆಗೋ ಆ ಕಡೆಗೋ ಬಿಡುವುದು. ಬಾಟಲಿ ಹಾಲು ಕುಡಿದು ಬೆಳೆದ ಕುರಿಯ ಸರದಿ ಬಂದಾಗ ಯಾರೂ ಥರ್ಮಾಮೀಟರು ಹಾಕಲಿಲ್ಲ. ತಮ್ಮನ ಹೆಂಡತಿಯೇ ಅದನ್ನು ಎತ್ತಿಕೊಂಡು ಹೋಗಿ ಕಾಯಿಲೆಯವುಗಳ ನಡುವೆ ಮಲಗಿಸಿ, ಬೆಡ್‌ಶೀಟು ಹೊದಿಸಿ ಬಂದಳು. ಬಂದವಳು ಮುಂದಿನ ಕುರಿಗೆ ಕೈ ಚಾಚಿದಳು.

ಕಾಯಿಲೆಯವುಗಳ ಹತ್ತಿರ ತಮ್ಮ ಉಳಿಯುವುದು, ಹೆಂಗಸರಿಬ್ಬರು ಗುಡ್ಡ ಹತ್ತುವುದು ಎಂದಾಯಿತು. ನುಸಿಗಳು ಬಿಸಿಲಿಗೆ ಅಡಗಿ ಕೂರುವ ಹೊತ್ತು ನೋಡಿ ಹೊರಟರು. ಅಡ್ಡಗಂಬದ ಬಳಿ ಮುರಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೇಟಿನವನು ಕೂತಿದ್ದ. ಮಂದೆ ಕಂಡು ಪೀಪಿ ಊದಿದ.

“ಅಮ್ಮಾ, ಬಿಡೋ ಹಾಗಿಲ್ಲ. ಆರ್ಡರ್ ಇದೆ.”

ನುಸಿಯಮ್ಮ ಕಚೇರಿಯ ಗುರುತಿನ ಚೀಟಿ ತೋರಿಸಿದಳು. “ಆರ್ಡರ್ ಹೊರಟಿದ್ದು ನಮ್ಮ ಆಫೀಸಿಂದಾನೇ. ಈಗ ಇವನ್ನ ಮೇಲಕ್ಕೆ ಸಾಗಿಸಬೇಕು ಅಂತಾಗಿದೆ.”

“ಕಾಗದ?”

“ಹಿಂದೆ ಬರುತ್ತೆ.”

ಅವನು ಚೀಟಿಯಲ್ಲಿದ್ದ ಫೋಟೋ ನೋಡಿದ, ಅವಳ ಮುಖ ನೋಡಿದ. “ನೀವು ಹೇಳ್ತಿದೀರ ಅಂತ ಬಿಡ್ತಿದೀನಿ ಮೇಡಂ. ಆಮೇಲೆ ನನ್ನ ಕೊರಳಿಗೆ ಬರಬಾರ್ದು ಅಷ್ಟೇ.”

“ಬರಲ್ಲ” ಎಂದಳು ಅವಳು. ಅದುವರೆಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಕಂಬ ಮೇಲೆದ್ದಿತು. ಕುರಿಗಳು ಒಂದನ್ನೊಂದು ತಳ್ಳಿಕೊಂಡು ದಾಟಿದವು.

ಗುಡ್ಡದ ಮೇಲೆ ಗಾಳಿ ಸೆರಗು ನಿಲ್ಲಗೊಡಲಿಲ್ಲ. ಕಲ್ಲುದೊಡ್ಡಿಯ ಬಿದ್ದ ಗೋಡೆಗೆ ಮುಳ್ಳು ತುಂಬಿ, ಕುರಿಗಳನ್ನು ಒಳಗೆ ಕೂಡಿದರು. ನೀರಿಗೆ ಅರ್ಧ ಗುಡ್ಡ ಇಳಿದು ಹತ್ತಬೇಕು. ಇಬ್ಬರೂ ಸರದಿಯಲ್ಲಿ ಕೊಡ ಹೊತ್ತರು. ಆಚೆ ಬದಿಗೆ ಒಂದು ಕುರಿಯೂ ಇಳಿಯಬಾರದೆಂದು ನುಸಿಯಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕುರಿಗಳು ಕಿವಿ ಒದರುವುದನ್ನು ನಿಲ್ಲಿಸಿದ್ದವು. ತಲೆ ಬಗ್ಗಿಸಿ ಮೇಯುತ್ತಿದ್ದವು. ತಮ್ಮನ ಹೆಂಡತಿ ಅದನ್ನು ನೋಡಿ, “ಮೇಯ್ತಿವೆ ಅತ್ತಿಗೆ, ಮೇಯ್ತಿವೆ” ಎಂದು ಅತ್ತಳು.

ಕೆಲವು ದಿನಗಳಲ್ಲಿ ಅವುಗಳಲ್ಲೂ ಕೆಲವಕ್ಕೆ ಜ್ವರ ಬಂತು. ಸಾಹೇಬರು ಹೇಳಿದಂತೆ ರೋಗ ಒಳಗೇ ಕೂತು ಗುಡ್ಡ ಹತ್ತಿತ್ತು. ಅವನ್ನು ಬೇರೆ ಮೂಲೆಯಲ್ಲಿ ಕಟ್ಟಿ, ನೇರಳೆ ಬಣ್ಣದ ಔಷಧಿಯ ನೀರಿನಲ್ಲಿ ಬಾಯಿ ತೊಳೆದು, ಬೆರಳಿನಲ್ಲಿ ಉಣಿಸಿ ನೋಡಿದರು. ಒಂದೊಂದಾಗಿ ಸತ್ತವು. ಕಲ್ಲುನೆಲದಲ್ಲಿ ಗುಂಡಿ ತೋಡಲಾಗದೆ ಕಲ್ಲು ಪೇರಿಸಿ ಮುಚ್ಚಿದರು. ಉಳಿದವು ಉಳಿದವು. ಹೊಸದಾಗಿ ಯಾವುದಕ್ಕೂ ರೋಗ ಹತ್ತಲಿಲ್ಲ.

ಕೆಳಗೆ ಉಳಿದವುಗಳಲ್ಲಿ ಒಂದೂ ಬದುಕಲಿಲ್ಲ. ತಮ್ಮ ಒಬ್ಬನೇ ಎಲ್ಲವನ್ನೂ ಹೂತ. ಹೆಂಡತಿಯ ಕುರಿ ಯಾವಾಗ ಹೋಯಿತು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ನುಸಿಯಮ್ಮ ಗುಡ್ಡ ಇಳಿದು ಬಂದ ದಿನ ಅವನು ಖಾಲಿ ದೊಡ್ಡಿಯ ಬಾಗಿಲಲ್ಲಿ ಕೂತಿದ್ದ. ಅವಳೂ ಪಕ್ಕದಲ್ಲಿ ಕೂತಳು. ಅವನು, “ಬೇರೆಯವರ ದೊಡ್ಡೀಲಿ ಒಂದು ಬಾಲಾನೂ ಉಳೀಲಿಲ್ಲ ಅಕ್ಕ. ನಮ್ಮವು ಮೇಲಿವೆ ಅಂತ ಅವರ ಮುಂದೆ ತಲೆ ಎತ್ತಿ ನಡೆಯೋಕಾಗ್ತಿಲ್ಲ” ಎಂದ. ಊರಿನ ಉಳಿದ ಮಂದೆಗಳನ್ನು ಅವಳು ಮೇಲೆ ಒಯ್ದಿರಲಿಲ್ಲ. ತವರಿನ ಕುರಿಗಳ ಗಡಿಬಿಡಿಯಲ್ಲಿ ಅವುಗಳ ನೆನಪೇ ಆಗಿರಲಿಲ್ಲ. ಅವನು ಹಾಗೆಂದಾಗಲೇ ಅದು ಅವಳಿಗೆ ಹೊಳೆದದ್ದು. ಅಲ್ಲಿಂದ ಏಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಅವಳು ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಗೇಟಿನವನಿಗೆ ಸುಳ್ಳು ಹೇಳಿದ್ದು ತಾನು ಎಂದು ಮೊದಲು ಹೇಳಿದಳು. ಅಷ್ಟರಲ್ಲಾಗಲೇ ಅವನನ್ನು ಕೆಲಸದಿಂದ ತೆಗೆದಿದ್ದರು. ಅವಳ ಮಾತಿನ ಮೇಲೆ ಮತ್ತೆ ಕರೆಸಿಕೊಂಡರು. ಸಾಹೇಬರು ಕೂಗಾಡಲಿಲ್ಲ.

“ಎಷ್ಟು ಉಳಿದವು?” ಎಂದು ಕೇಳಿದರು.

“ಅರ್ಧಕ್ಕೂ ಕಮ್ಮಿ, ಸರ್.”

ಅವರು ಮೇಜಿನ ಮೇಲಿದ್ದ ಒಂದು ಕಾಗದವನ್ನು ಅವಳ ಕಡೆ ತಳ್ಳಿದರು. ಗುಡ್ಡದ ಆಚೆಯ ಹಳ್ಳಿಯಿಂದ ಆ ಬೆಳಗ್ಗೆ ಬಂದ ವರದಿ. ಕುರಿಗಳು ಜೊಲ್ಲು ಸುರಿಸುತ್ತಿವೆ ಎಂದಿತ್ತು.

ಅವಳು ಕಾಗದದಿಂದ ತಲೆಯೆತ್ತಿದಳು. “ಗಾಳೀಲಿ ನುಸಿ ದೂರ ಹೋಗುತ್ತೆ ಸರ್. ಒಮ್ಮೊಮ್ಮೆ ಗುಡ್ಡಾನೂ ದಾಟುತ್ತೆ.”

“ಹೌದು.”

“ಅಲ್ಲೂ ಮಳೆ ಆಗಿದೆ. ಅಲ್ಲೂ ಕೆಸರಿದೆ.”

“ಹೌದು ಅಮ್ಮ. ಇಲ್ಲಾ ನಿಮ್ಮ ಕುರಿಯಿಂದ ಹೋಗಿರಬಹುದು. ಯಾವುದು?”

“ಗೊತ್ತಿಲ್ಲ, ಸರ್.”

“ನನಗೂ ಗೊತ್ತಿಲ್ಲ” ಎಂದರು ಅವರು. “ಯಾರಿಗೂ ಗೊತ್ತಾಗಲ್ಲ.”

ವಿಚಾರಣೆ ಮುಗಿಯುವವರೆಗೆ ಅವಳಿಗೆ ಕಚೇರಿಗೆ ಬರಬೇಡವೆಂದರು. ಮನೆಯಲ್ಲಿ ಎರಡು ದಿನ ಗೋಡೆ ನೋಡುತ್ತ ಕೂತಳು. ಗಂಡ ಊಟ ಬಡಿಸಿಟ್ಟು ಕರೆದರೆ ಬಂದು ಕೂರುವಳು, ತಟ್ಟೆಯಲ್ಲಿ ಕೈಯಾಡಿಸಿ ಎದ್ದುಹೋಗುವಳು. ಮೂರನೆಯ ಬೆಳಗ್ಗೆ ಔಷಧಿ ಚೀಲ ಹೆಗಲಿಗೇರಿಸಿದಳು.

“ಬೈತಾರೆ” ಎಂದ ಗಂಡ. “ಹೊಡೀಲೂಬಹುದು.”

“ಹೊಡೀಲಿ.”

ಗುಡ್ಡದ ಆಚೆಯ ಹಳ್ಳಿಯಲ್ಲಿ ಮೊದಲು ರೋಗ ಕಾಣಿಸಿದ ದೊಡ್ಡಿ ಒಬ್ಬ ವಿಧವೆಯದು. ಎತ್ತರದ ಆಳು, ಗಟ್ಟಿ ಮೈ, ಒರಟು ದನಿ. ಒಂದು ಕುರಿಯ ಮೂಗನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಬಿಸಿಲಲ್ಲಿ ಬಿದ್ದಿದ್ದ ಕುರಿಗಳನ್ನು ಒಬ್ಬಳೇ ನೆರಳಿಗೆ ಎಳೆದು ಎಳೆದು ಅವಳ ಅಂಗೈ ಕಿತ್ತುಹೋಗಿತ್ತು.

“ಸರ್ಕಾರದವಳಾ?”

“ಹೌದು. ಈಗ ಅಲ್ಲ.” ನುಸಿಯಮ್ಮ ಅಲ್ಲೇ ನಿಂತಳು. “ಈಚೆಗೆ ಗುಡ್ಡದ ಮೇಲೆ ಕುರಿ ಇದ್ವಲ್ಲ, ಅವು ನಮ್ಮವು. ತರಬಾರ್ದು ಅಂತ ಆರ್ಡರ್ ಇದ್ರೂ ನಾನೇ ಹೊಡ್ಕೊಂಡು ಬಂದೆ. ಅವುಗಳಲ್ಲಿ ಕೆಲವಕ್ಕೆ ರೋಗ ಇತ್ತು. ನಿಮಗೆ ಅಲ್ಲಿಂದಾನೇ ಬಂತೋ ಏನೋ.”

ಹೆಂಗಸು ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. “ಬಂತೋ ಏನೋ ಅಂದ್ರೆ? ಬಂತಾ, ಇಲ್ವಾ?”

“ಗೊತ್ತಿಲ್ಲ. ಗೊತ್ತಾಗೋ ದಾರೀನೂ ಇಲ್ಲ.”

“ಗೊತ್ತಿಲ್ದೆ ಇದ್ರೆ ಯಾಕೆ ಹೇಳೋಕೆ ಬಂದೆ? ನನ್ನ ಹೊಟ್ಟೇಲಿ ಇರೋ ಬೆಂಕಿ ಸಾಲ್ದು ಅಂತಾನಾ?” ಅವಳ ದನಿ ಏರಿತು. “ನಾನು ಯಾರನ್ನ ಬೈಲಿ ಈಗ? ನಿನ್ನನ್ನಾ, ಗಾಳಿನಾ? ಬಾಯ್ತುಂಬ ಶಾಪ ಹಾಕೋಕೂ ಒಂದು ಮುಖ ಬೇಕಲ್ಲೇ!”

“ನನ್ನನ್ನೇ ಬೈರಿ.”

ಹೆಂಗಸು ಬೈದಳು. ಅಕ್ಕಪಕ್ಕದವರು ಬೇಲಿಗೆ ಬಂದು ನಿಲ್ಲುವಷ್ಟು ಜೋರಾಗಿ, ಹುಟ್ಟಿದ ಮನೆ ಸೇರಿದ ಮನೆ ಒಂದನ್ನೂ ಬಿಡದೆ ಬೈದಳು. ನುಸಿಯಮ್ಮ ತಲೆ ಬಗ್ಗಿಸಿ ಕೇಳಿಸಿಕೊಂಡಳು. ಬೈದು ಬೈದು ಸಾಕಾಗಿ ಹೆಂಗಸು ಏದುಸಿರು ಬಿಡುತ್ತ ನೆಲಕ್ಕೆ ಕೂತಳು. ಅವಳ ಹಿಂದೆ ಒಂದು ಕುರಿ ಏಳಲು ಹೋಗಿ ಮುಗ್ಗರಿಸಿತು. ಇಬ್ಬರೂ ಒಟ್ಟಿಗೇ ಅದರ ಕಡೆ ಓಡಿದರು.

“ತಲೆ ಎತ್ತಿ ಹಿಡಿ” ಎಂದಳು ಹೆಂಗಸು. “ಹಾಗಲ್ಲ. ಉಸಿರು ಕಟ್ಟುತ್ತೆ.”

ನುಸಿಯಮ್ಮ ಅಲ್ಲೇ ಉಳಿದಳು. ಬೆಳಗ್ಗೆ ಬಸ್ಸಿಗೆ ಬರುವುದು, ಕೊನೆಯ ಬಸ್ಸಿಗೆ ಹಿಂತಿರುಗುವುದು. ಕೆಸರಿನ ಹೊಂಡಕ್ಕೆ ಇಬ್ಬರೂ ಬುಟ್ಟಿಯಲ್ಲಿ ಒಣಮಣ್ಣು ಹೊತ್ತು ಸುರಿದರು. ಹೆಂಗಸು ಅವಳ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು: ನೀರು ತಾ, ಇದನ್ನು ಹಿಡಿ, ಅದು ಸತ್ತಿದೆ. ಆ ದೊಡ್ಡಿಯಲ್ಲಿ ಮೂರೋ ನಾಲ್ಕೋ ಕುರಿ ಉಳಿದವು. ಉಳಿದವುಗಳಿಗೂ ಉಣ್ಣೆ ಉದುರಿ, ಮೈ ಬೋಳಾಗಿ, ನಡೆದರೆ ಕಾಲು ಕುಂಟು.

ಲಸಿಕೆ ಬಂದಾಗ ಚಳಿ ಬಿದ್ದಿತ್ತು. ನುಸಿಗಳು ತಾವಾಗಿಯೇ ಕಡಿಮೆಯಾಗಿದ್ದವು. ವಿಚಾರಣೆ ಮುಗಿದು ನುಸಿಯಮ್ಮನನ್ನು ನಕ್ಷೆಯ ಕೋಣೆಯಿಂದ ತೆಗೆದು, ದರ್ಜೆ ಇಳಿಸಿ, ಲಸಿಕೆ ತಂಡಕ್ಕೆ ಹಾಕಿದರು. ಐಸ್ ಪೆಟ್ಟಿಗೆ ಹೊತ್ತು ಊರೂರು ತಿರುಗುವ ಕೆಲಸ. ಅವಳ ಮೇಜಿಗೆ ಹೊಸಬರು ಬಂದರು. ಆ ಸಾಲಿನ ರೋಗದ ನಕ್ಷೆ ಅಚ್ಚಾಗಿ ಬಂದಾಗ ಸಾಹೇಬರು ಒಂದು ಪ್ರತಿಯನ್ನು ಅವಳಿಗೆ ಕಳಿಸಿದರು. ಗುಡ್ಡದ ಆಚೆಯ ಹಳ್ಳಿಯ ಮೇಲೆ ಒಂದು ಚುಕ್ಕೆ, ಪಕ್ಕದಲ್ಲಿ ‘ಮೂಲ ತಿಳಿದಿಲ್ಲ’ ಎಂದಿತ್ತು. ಅವಳು ಅದನ್ನು ಮಡಿಚಿಡಲೂ ಇಲ್ಲ, ಹರಿಯಲೂ ಇಲ್ಲ. ಗಂಡ ಅದನ್ನು ಎತ್ತಿ ಬಟ್ಟೆಯ ಕಪಾಟಿನ ಮೇಲಿಟ್ಟ.

ತಮ್ಮ ಉಳಿದ ಕುರಿಗಳಲ್ಲಿ ಕೆಲವನ್ನು ಊರಿನ ಬರಿದಾದ ದೊಡ್ಡಿಗಳಿಗೆ ಹಂಚಿದ. ಕೆಲವರು ತೆಗೆದುಕೊಂಡರು, ಕೆಲವರು ಬಾಗಿಲು ಹಾಕಿಕೊಂಡರು. ಅಕ್ಕ ಬಂದರೆ ಅವನು ಮಾತಾಡಿಸುತ್ತಿದ್ದ, ಆದರೆ ಮೊದಲಿನಂತೆ ಕೀಟಲೆ ಮಾಡುತ್ತಿರಲಿಲ್ಲ.

ಲಸಿಕೆಯ ತಿರುಗಾಟದಲ್ಲಿ ಅವಳು ಮತ್ತೆ ಆ ವಿಧವೆಯ ದೊಡ್ಡಿಗೂ ಹೋದಳು. ಹೆಂಗಸು ಕುಂಟುವ ಕುರಿಗಳನ್ನು ಒಂದೊಂದಾಗಿ ಹಿಡಿದು ಕೊಟ್ಟಳು. ನುಸಿಯಮ್ಮ ಚುಚ್ಚಿದಳು. ಮುಗಿದ ಮೇಲೆ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಂಡು, “ಇದು ಆಗ ಇದ್ದಿದ್ರೆ?” ಎಂದು ಕೇಳಿದಳು.

“ಉಳೀತಿದ್ವು.”

“ಇದಾದ್ರೂ ಗೊತ್ತಲ್ಲ ನಿಂಗೆ” ಎಂದು ಹೆಂಗಸು ಒಳಗೆ ಹೋದಳು. ನುಸಿಯಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿ, ಹೆಗಲಿಗೇರಿಸಿಕೊಂಡು ಪಕ್ಕದ ದೊಡ್ಡಿಯ ಕಡೆ ನಡೆದಳು. ಅಲ್ಲಿ ಬೇಲಿ ಇತ್ತು, ನೀರಿನ ತೊಟ್ಟಿ ಇತ್ತು. ಕುರಿಗಳಿರಲಿಲ್ಲ.